ಹೊಗೆಯೊಳಗೆ ಯಾರೂ ನಡೆಯುವುದಿಲ್ಲ

ಬಾಗಿಲಿನಿಂದ ನಾಲ್ಕು ಮಾರು ದೂರದಲ್ಲಿ ಒಬ್ಬ ಮನುಷ್ಯ ದಾರಿ ತಪ್ಪಬಲ್ಲ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ನಂಬುವಂತೆ ಮಾಡಿದವರು ಮೈಸೂರಿನ ಒಂದು ಅಗ್ನಿಶಾಮಕ ಠಾಣೆಯ ಲೀಡಿಂಗ್ ಫೈರ್‌ಮನ್.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ನಾನು ನಗರದ ಒಂದು ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಸಂಶೋಧನಾ ಸಹಾಯಕಿಯಾಗಿದ್ದೆ. ಕಟ್ಟಡದ ಒಳಗೆ ಓಡಾಡುವ ಮನುಷ್ಯ ಎಲ್ಲಿದ್ದಾನೆ ಎಂಬುದನ್ನು ಅವನ ಮೈಮೇಲಿನ ಸಣ್ಣ ಸೆನ್ಸರ್‌ಗಳಿಂದಲೇ ಕಂಡುಹಿಡಿಯುವುದು ನಮ್ಮ ಕೆಲಸ. ಜಿಪಿಎಸ್‌ಗೆ ಆಕಾಶ ಕಾಣಬೇಕು, ತಾರಸಿಯ ಕೆಳಗೆ ಅದು ಕುರುಡು. ಈ ವಿದ್ಯೆ ಯಾರಿಗೆ ಬೇಕಾದೀತು ಎಂದು ನಮ್ಮ ಪ್ರೊಫೆಸರ್ ಹುಡುಕುತ್ತ ಹೋಗಿ ಅಗ್ನಿಶಾಮಕ ಠಾಣೆಯ ಬಾಗಿಲು ತಟ್ಟಿದ್ದರು. ಠಾಣಾಧಿಕಾರಿ ಒಂದು ಬೆಳಿಗ್ಗೆ ಈ ಲೀಡಿಂಗ್ ಫೈರ್‌ಮನ್ ಅವರನ್ನು ನಮ್ಮಲ್ಲಿಗೆ ಕಳಿಸಿದರು.

ಐವತ್ತರ ಆಸುಪಾಸಿನ ಗಟ್ಟಿ ಆಳು. ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತರು. ಎರಡು ಮಾತಿಗೊಮ್ಮೆ ಕೆಮ್ಮು.

“ಊದುಬತ್ತಿ ಗೋಡೌನು ಮೇಡಂ. ಬೆಂಕಿ ಅಂತಾದ್ದೇನಿಲ್ಲ, ಹೊಗೆನೇಯ. ಕೈ ಮುಂದಕ್ಕೆ ಚಾಚುದ್ರೆ ಕೈ ಕಾಣಾಕಿಲ್ಲ. ನೀರಿನ ಪೈಪು ಇಡ್ಕೊಂಡೇ ಒಳಕ್ ಹೋದೆ. ಏನೋ ಕಾಲಿಗ್ ಸಿಕ್ತು, ಬಿದ್ದೆ, ಪೈಪು ಕೈ ಬುಟ್ಟೋಯ್ತು. ಆಮೇಲೆ ಆಚ್ಗೆ ಬತ್ತಾ ಇವ್ನಿ ಅನ್ಕಂಡು ಒಳಒಳಕ್ಕೇ ಹೋಗ್ತಾ ಇದ್ದೆ. ಆಚೆ ಇರೋರು ನನ್ನೆಸ್ರು ಕೂಗ್ತಾವ್ರೆ. ನಾಕೂ ಕಡೆಯಿಂದ ಕೂಗ್ದಂಗೆ ಆಯ್ತದೆ.”

ಸಂಗಡಿಗರು ಅವರನ್ನು ಎಳೆದು ತಂದಾಗ ಉಸಿರಿತ್ತು, ಪ್ರಜ್ಞೆ ಇರಲಿಲ್ಲ. ಶ್ವಾಸಕೋಶ ಹಾಳಾಯಿತು. ಅಂದಿನಿಂದ ಅವರು ಬೆಂಕಿಯ ಹತ್ತಿರ ಹೋಗುವಂತಿಲ್ಲ. ಕಂಟ್ರೋಲ್ ರೂಮಿನಲ್ಲಿ ಕೂತು ಫೋನು, ವಾಕಿಟಾಕಿ ನೋಡಿಕೊಳ್ಳುವುದು ಅವರ ಕೆಲಸ.

“ನಮ್ಗೆ ಹೆಚ್ಗೇನೂ ಬೇಡ ಮೇಡಂ,” ಎಂದು ಎದ್ದರು. “ಒಳಕ್ ಹೋದೋನು ಎಲ್ಲವ್ನೆ ಅಂತ ಆಚೆ ನಿಂತೋರ್ಗೆ ಗೊತ್ತಾಗ್ಬೇಕು. ಅಷ್ಟೇಯ.”

ಅಷ್ಟೇ ಎಂದು ಅವರು ಹೇಳಿದ್ದು ಎಷ್ಟು ಕಷ್ಟದ್ದು ಎಂದು ಮುಂದಿನ ತಿಂಗಳುಗಳು ಕಲಿಸಿದವು.

ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಡಬ್ಬಿಯನ್ನು ಬೂಟಿನ ಮೇಲೆ ಕಟ್ಟುತ್ತಿದ್ದೆವು. ಅದರೊಳಗೆ ಎರಡು ಬಗೆಯ ಸೆನ್ಸರ್. ಕಾಲು ಯಾವ ಕಡೆಗೆ ಎಷ್ಟು ಜಗ್ಗಿತು ಎಂದು ಹೇಳುವುದು ಒಂದು. ಕಾಲು ಎಷ್ಟು ತಿರುಗಿತು ಎಂದು ಹೇಳುವ ಜೈರೋ ಇನ್ನೊಂದು. ಇವೆರಡರ ಲೆಕ್ಕವನ್ನು ಕ್ಷಣಕ್ಷಣಕ್ಕೂ ಕೂಡಿಸುತ್ತ ಹೋದರೆ ಮನುಷ್ಯ ಹೊರಟಲ್ಲಿಂದ ಎಲ್ಲಿಗೆ ಬಂದ ಎಂಬುದು ಸಿಗಬೇಕು. ಆದರೆ ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಅದು ಕೂಡುತ್ತ, ಬೆಳೆಯುತ್ತ ಹೋಗುತ್ತದೆ. ಸುಮ್ಮನೆ ನಿಂತವನನ್ನು ಒಂದು ನಿಮಿಷದಲ್ಲಿ ಪಕ್ಕದ ಬೀದಿಗೆ ಕಳಿಸಿಬಿಡುತ್ತದೆ. ಇದಕ್ಕೊಂದು ಉಪಾಯವಿತ್ತು. ನಡೆಯುವವನ ಪಾದ ಪ್ರತಿ ಹೆಜ್ಜೆಯಲ್ಲೂ ಒಂದು ಗಳಿಗೆ ನೆಲದ ಮೇಲೆ ನಿಶ್ಚಲವಾಗಿ ಊರಿರುತ್ತದೆ. ಆ ಗಳಿಗೆಯನ್ನು ಹಿಡಿದು, “ಈಗ ನಿನ್ನ ವೇಗ ಸೊನ್ನೆ” ಎಂದು ಲೆಕ್ಕಕ್ಕೆ ಹೇಳಿದರೆ ಅಲ್ಲಿಯವರೆಗಿನ ತಪ್ಪು ಬಹುಪಾಲು ತೊಳೆದುಹೋಗುತ್ತದೆ.

ಅದಕ್ಕೂ ಮೊದಲು ಸೆನ್ಸರ್‌ಗಳನ್ನೇ ಒರೆಗೆ ಹಚ್ಚಬೇಕಿತ್ತು. ತಕ್ಕಡಿ ಬಳಸುವ ಮುಂಚೆ ಮುಳ್ಳು ನಡುವೆ ನಿಲ್ಲುತ್ತದೆಯೇ ಎಂದು ನೋಡುವ ಹಾಗೆ. ಒಂದೇ ಕಾರ್ಖಾನೆಯಿಂದ, ಒಂದೇ ಪೊಟ್ಟಣದಲ್ಲಿ ಬಂದ ಸೆನ್ಸರ್‌ಗಳು ಒಂದರ ಹಾಗೆ ಇನ್ನೊಂದು ಇರುತ್ತಿರಲಿಲ್ಲ. ಗ್ರಾನೈಟ್ ಹಾಸನ್ನು ರಸಮಟ್ಟ ಇಟ್ಟು ಸಮ ಮಾಡಿ, ಡಬ್ಬಿಯನ್ನು ಆರೂ ಮಗ್ಗುಲಿಗೆ ಸರದಿಯಂತೆ ಮಲಗಿಸಿ ಭೂಮಿಯ ಸೆಳೆತವನ್ನು ಓದುತ್ತಿದ್ದೆ. ಒಂದೇ ಭೂಮಿ, ಒಂದೇ ಸೆಳೆತ. ಆದರೂ ಒಂದು ಮಗ್ಗುಲಲ್ಲಿ ಸ್ವಲ್ಪ ಹೆಚ್ಚು ತೋರಿಸುವುದು, ಇನ್ನೊಂದರಲ್ಲಿ ಕಡಿಮೆ. ಆ ವ್ಯತ್ಯಾಸವನ್ನು ಗುರುತು ಹಾಕಿಕೊಂಡು ಲೆಕ್ಕದಲ್ಲಿ ಕಳೆಯಬೇಕು.

ಜೈರೋಗೆ ಇದು ಸಾಲದು. ಅದನ್ನು ನಿಗದಿತ ವೇಗದಲ್ಲಿ ತಿರುಗಿಸಿ ನೋಡಬೇಕು. ಅಂಥ ಯಂತ್ರ ನಮ್ಮ ಕಾಲೇಜಿನಲ್ಲಿರಲಿಲ್ಲ, ತರಿಸುವ ದಾರಿಯೂ ಇರಲಿಲ್ಲ. ಒಂಟಿಕೊಪ್ಪಲ್‌ನಲ್ಲಿದ್ದ ನನ್ನ ಸೋದರತ್ತೆಯ ಮನೆಯಲ್ಲಿ ಹಳೆಯ ರೆಕಾರ್ಡ್ ಪ್ಲೇಯರ್ ಇತ್ತು. ಸಂಗೀತದ ರೆಕಾರ್ಡು ಶ್ರುತಿ ತಪ್ಪದೆ ಹಾಡಬೇಕಾದರೆ ಅದರ ತಟ್ಟೆ ಒಂದೇ ವೇಗದಲ್ಲಿ ತಿರುಗಲೇಬೇಕಲ್ಲ! ಡಬ್ಬಿಯನ್ನು ತೆಗೆದುಕೊಂಡು ಹೋಗಿ ತಟ್ಟೆಯ ಮೇಲಿಟ್ಟೆ.

“ಅಯ್ಯೋ, ಬೂಟಿಗೆ ಕಟ್ಟೋ ಡಬ್ಬೀನ ಸಂಗೀತದ ತಟ್ಟೆ ಮೇಲೆ ಇಡ್ತೀಯೇನೇ?” ಎಂದರು ಅತ್ತೆ.

“ಹೊಸದು ಕಣತ್ತೆ, ಇನ್ನೂ ಯಾರ ಬೂಟಿಗೂ ಕಟ್ಟಿಲ್ಲ.”

“ಮೊದ್ಲು ಒರೆಸು,” ಎಂದು ಒಂದು ಮೆತ್ತನೆ ಬಟ್ಟೆ ಕೊಟ್ಟರು. ಒರೆಸಿದೆ. ಆಮೇಲೆ ಪ್ರತಿ ಭಾನುವಾರ ನಾನು ಹೊಸ ಡಬ್ಬಿಗಳೊಂದಿಗೆ ಹೋಗುವ ಹೊತ್ತಿಗೆ ಅತ್ತೆ ಪ್ಲೇಯರಿನ ಮುಚ್ಚಳ ತೆಗೆದು, ತಟ್ಟೆ ಒರೆಸಿ ಸಿದ್ಧಮಾಡಿ ಇಟ್ಟಿರುತ್ತಿದ್ದರು.

ಇಷ್ಟೆಲ್ಲ ಮಾಡಿದ ಮೇಲೂ ಬಿಸಿಲಿನಲ್ಲಿ ನಡೆದರೆ, ಡಬ್ಬಿ ರೇಡಿಯೋದಲ್ಲಿ ಕಳಿಸಿದ ಲೆಕ್ಕದಿಂದ ಕಂಪ್ಯೂಟರಿನಲ್ಲಿ ಮೂಡುವ ದಾರಿಯ ಗೆರೆ ಬಾಗುತ್ತಿತ್ತು. ನೆರಳಿನಲ್ಲಿ ನೆಟ್ಟಗೆ ಬಂದ ಅದೇ ದಾರಿ ಮಧ್ಯಾಹ್ನ ಬಾಳೆಕಾಯಿಯ ಹಾಗೆ ಡೊಂಕಾಗುವುದು. ಕಾರಣ ಶಾಖ. ಮೈ ಬಿಸಿಯಾದಂತೆ ಜೈರೋದ ಸೊನ್ನೆಯೇ ಸರಿಯುತ್ತಿತ್ತು. ತಂಪು ಕೋಣೆಯಲ್ಲಿ ಒರೆಗೆ ಹಚ್ಚಿದ್ದನ್ನು ಬೆಂಕಿಗೆ ಕಳಿಸಲು ಹೊರಟಿದ್ದೆವು! ಕೆಮಿಸ್ಟ್ರಿ ವಿಭಾಗದ ಅವನ್ ಕೇಳಿಕೊಂಡು, ಅದರಲ್ಲಿ ಡಬ್ಬಿಗಳನ್ನು ಮೆಲ್ಲಮೆಲ್ಲಗೆ ಕಾಯಿಸುತ್ತ, ಒಂದೊಂದು ಶಾಖಕ್ಕೂ ಸೊನ್ನೆ ಎಲ್ಲಿಗೆ ಸರಿಯಿತು ಎಂದು ಬರೆದಿಟ್ಟೆ. ಒಂದೊಂದು ಡಬ್ಬಿಯದೂ ಒಂದೊಂದು ಬಗೆ. ಯಾವುದನ್ನೂ ಊಹಿಸುವಂತಿರಲಿಲ್ಲ, ಪ್ರತಿಯೊಂದನ್ನೂ ಕಾಯಿಸಿಯೇ ನೋಡಬೇಕಿತ್ತು.

ದಿಕ್ಕಿಗಾಗಿ ಸಣ್ಣದೊಂದು ದಿಕ್ಸೂಚಿಯನ್ನೂ ಸೇರಿಸಿದ್ದೆವು. ಅದು ಕಾಲೇಜಿನ ಕಬ್ಬಿಣದ ಬೀರುಗಳ ಪಕ್ಕ ಹೋದೊಡನೆ ಉತ್ತರವನ್ನೇ ಮರೆಯುತ್ತಿತ್ತು. ಗೋದಾಮಿನಲ್ಲಿ ಇರುವುದೆಲ್ಲ ಕಬ್ಬಿಣವೇ. ತೆಗೆದುಹಾಕಿದೆವು.

ಅಂತೂ ಒಂದು ದಿನ ಬೂಟು ಹಾಕಿಕೊಂಡು ಮೂರು ಮಹಡಿ ಹತ್ತಿ ಇಳಿದು, ಕಾರಿಡಾರುಗಳನ್ನೆಲ್ಲ ಸುತ್ತಿ ಹೊರಟ ಜಾಗಕ್ಕೆ ಮರಳಿ ಬಂದೆ. ಕಂಪ್ಯೂಟರಿನ ಪರದೆಯ ಮೇಲೂ ಗೆರೆ ಹೊರಟ ಜಾಗಕ್ಕೆ ಬಂದಿತ್ತು. ಒಂದು ಗೇಣಿನಷ್ಟು ಮಾತ್ರ ವ್ಯತ್ಯಾಸ. ಪ್ರೊಫೆಸರ್ ಎರಡು ಸಲ ಕನ್ನಡಕ ಒರೆಸಿಕೊಂಡು ನೋಡಿದರು. ಅಂದೇ ಅಗ್ನಿಶಾಮಕ ಇಲಾಖೆಯ ಹಿರಿಯ ಅಧಿಕಾರಿಗಳನ್ನು ಪ್ರದರ್ಶನಕ್ಕೆ ಕರೆದರು.

ಪ್ರದರ್ಶನಕ್ಕೆ ಮೊದಲು ಒಂದು ತಾಲೀಮು ಇರಲಿ ಎಂದು ಠಾಣಾಧಿಕಾರಿ ಹೇಳಿದರು. ಶ್ರೀರಾಂಪುರದ ಬಡಾವಣೆಗಳನ್ನು ದಾಟಿ ಮಂಡಕಳ್ಳಿಯ ಕಡೆಗೆ ಹೋದರೆ ಅವರು ಅಭ್ಯಾಸಕ್ಕೆ ಬಳಸುತ್ತಿದ್ದ ಹಳೆಯ ಗೋದಾಮು. ಒಳಗೆ ಕಬ್ಬಿಣದ ರ‍್ಯಾಕುಗಳು, ಹೊಟ್ಟು ತುಂಬಿದ ಮೂಟೆಗಳು; ಹಿಂದಿನ ಗೋಡೆಯಲ್ಲಿ ಮುಚ್ಚಿದ ಒಂದು ಷಟರ್. ಒದ್ದೆ ಹುಲ್ಲಿಗೆ ಕಿಚ್ಚಿಟ್ಟು ಹೊಗೆ ಹಾಕಿದರು. ಮೂವತ್ತರ ಹರೆಯದ ಒಬ್ಬ ಫೈರ್‌ಮನ್ ನಮ್ಮ ಬೂಟು ತೊಟ್ಟು, ಮಾಸ್ಕ್ ಹಾಕಿ, ಗಾಳಿಯ ಸಿಲಿಂಡರ್ ಬೆನ್ನಿಗೇರಿಸಿಕೊಂಡು ಒಳಗೆ ಹೋದರು.

ಬಾಗಿಲು ದಾಟುವ ತನಕ ಗೆರೆ ಸರಿಯಾಗಿತ್ತು. ಮುಂದೆ ಅದು ಒಮ್ಮೆ ನಡುಗಿ, ಗೋಡೆಯನ್ನು ತೂರಿಕೊಂಡು, ರಸ್ತೆ ದಾಟಿ ಎದುರಿನ ಹೊಲದ ಕಡೆಗೆ ಹೊರಟುಹೋಯಿತು.

ತಂತಿ ಸಡಿಲವಾಗಿದೆ ಎಂದುಕೊಂಡೆ. ಇನ್ನೊಂದು ಜೊತೆ ಬೂಟು ಕೊಟ್ಟೆ. ಮತ್ತೆ ಹಾಗೆಯೇ. ಮೂರನೆಯ ಸಲ ನಾನು ಪರದೆಯನ್ನು ಬಿಟ್ಟು ಬಾಗಿಲಿಗೆ ಹೋಗಿ ನೋಡಿದೆ. ಹೊಗೆ ದಟ್ಟವಾಗುವ ಜಾಗ ಮುಟ್ಟಿದೊಡನೆ ಫೈರ್‌ಮನ್ ಮಂಡಿಯೂರಿ, ಕೈ ಊರಿ, ಅಂಬೆಗಾಲಿಕ್ಕಿಕೊಂಡು ಒಳಗೆ ಮರೆಯಾದರು.

ಹೊಗೆ ಮೇಲೇರುತ್ತದೆ, ಉಸಿರೂ ನೋಟವೂ ಇರುವುದು ನೆಲದ ಹತ್ತಿರ. ಹೊಗೆಯೊಳಗೆ ಯಾರೂ ನಡೆಯುವುದಿಲ್ಲ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ, ನನಗೂ ಗೊತ್ತಿದ್ದ ಸಂಗತಿಯೇ. ಆದರೆ ನಮ್ಮ ಇಡೀ ಲೆಕ್ಕ ನಿಂತಿದ್ದುದು ಊರಿದ ಪಾದದ ಮೇಲೆ.

“ನಾನೊಂದ್ಸಲ ಒಳಗೆ ಹೋಗಬಹುದಾ?” ಎಂದು ಠಾಣಾಧಿಕಾರಿಯನ್ನು ಕೇಳಿದೆ. ಅವರು ಪಕ್ಕದಲ್ಲಿ ನಿಂತಿದ್ದ ಲೀಡಿಂಗ್ ಫೈರ್‌ಮನ್ ಮುಖ ನೋಡಿದರು.

“ಓಗ್ಲಿ ಬುಡಿ ಸಾ,” ಎಂದರು ಅವರು. “ಜೊತೆಗೊಬ್ಬ ಇರ್ತಾನೆ. ಮೇಡಂ, ಎಡಗೈ ಗೋಡೆ ಮೇಲಿಂದ ಎತ್ಬೇಡಿ. ಏನೇ ಆದ್ರೂ ಎತ್ಬೇಡಿ.”

ಮಾಸ್ಕಿನೊಳಗೆ ನನ್ನ ಉಸಿರು ನನಗೇ ದೊಡ್ಡದಾಗಿ ಕೇಳುತ್ತಿತ್ತು. ಕಣ್ಣಿನ ಮುಂದೆ ಬೂದು ಬಣ್ಣದ ಗೋಡೆಯೊಂದು ನಾನು ಹೋದಂತೆಲ್ಲ ಜೊತೆಗೇ ಬರುತ್ತಿತ್ತು. ಗೋಡೆಯ ಮೂಲೆಯೊಂದರಲ್ಲಿ ಕೈ ಜಾರಿತು. ಮತ್ತೆ ಚಾಚಿದರೆ ಅಲ್ಲಿ ಗೋಡೆಯಿಲ್ಲ. ಯಾವ ಕಡೆಯಿಂದ ಬಂದೆ ಎಂಬುದು ಆ ಒಂದು ಗಳಿಗೆಯಲ್ಲಿ ಅಳಿಸಿಹೋಯಿತು. ಜೊತೆಗಿದ್ದ ಫೈರ್‌ಮನ್ ನನ್ನ ಮಣಿಕಟ್ಟು ಹಿಡಿದು ಗೋಡೆಗೆ ಮುಟ್ಟಿಸಿದರು. ಆಗ ನಾನು ಬಂದ ಕೆಲಸ ನೆನಪಾಗಿ ಕಾಲಿನ ಕಡೆ ಗಮನ ಕೊಟ್ಟೆ. ಪಾದ ಹಿಂದೆ ತೆವಳುತ್ತಿತ್ತು. ಬೂಟಿನ ತುದಿ ನೆಲವನ್ನು ಕೆರೆಯುತ್ತ ಒಂದು ಕ್ಷಣವೂ ನಿಲ್ಲದೆ ಬರುತ್ತಿತ್ತು. ನಿಲ್ಲುತ್ತಿದ್ದುದು ಮಂಡಿ. ಒಂದು ಮಂಡಿ ಊರುತ್ತದೆ, ಮೈಭಾರ ಹೊರುತ್ತದೆ, ಇನ್ನೊಂದು ಮುಂದೆ ಬಂದು ಊರುವವರೆಗೂ ಕದಲುವುದಿಲ್ಲ.

ಹೊರಗೆ ಬಂದು ಮಾಸ್ಕ್ ಕಳಚಿದಾಗ ಪ್ರೊಫೆಸರ್ ಕಾಯುತ್ತಿದ್ದರು.

“ನೋಡಮ್ಮ, ನಡೆದರೆ ಕೆಲಸ ಮಾಡುತ್ತೆ ತಾನೆ? ಪ್ರದರ್ಶನದ ದಿನ ಹೊಗೆ ಕಡಿಮೆ ಹಾಕ್ಸೋಣ, ನಡೆಸಿಯೇ ತೋರಿಸೋಣ. ಉಳಿದದ್ದು ಆಮೇಲೆ.”

“ಅವರು ನಡೆಯೋದೇ ಇಲ್ಲ ಸರ್.”

“ಅದು ನನಗೂ ಅರ್ಥವಾಗುತ್ತೆ. ಈಗ ಮುಂದಕ್ಕೆ ಹಾಕಿದರೆ ಅಧಿಕಾರಿಗಳು ಮತ್ತೆ ಬರ್ತಾರೆ ಅಂತ ಏನು ಗ್ಯಾರಂಟಿ? ಪ್ರಾಜೆಕ್ಟೇ ನಿಂತುಹೋದರೆ?”

“ನಾವು ನಡೆಸಿ ತೋರಿಸಿ, ಅವರು ಮೆಚ್ಚಿ, ಇದನ್ನ ಕಟ್ಟಿಕೊಂಡು ಯಾರಾದರೂ ನಿಜವಾದ ಬೆಂಕಿಗೆ ಹೋದರೆ? ಒಳಗಿರೋನನ್ನ ನಾವು ಹೊಲದಲ್ಲಿ ಹುಡುಕ್ತಾ ಇರ್ತೀವಿ ಸರ್.”

ನನ್ನ ದನಿ ಏರಿತ್ತು. ಅವರ ಮುಂದೆ ಅದುವರೆಗೆ ಎಂದೂ ಹಾಗೆ ಮಾತಾಡಿದವಳಲ್ಲ. ನಡೆಸಿ ತೋರಿಸುವುದಾದರೆ ನಾನು ಆ ದಿನ ಬರುವುದಿಲ್ಲ ಎಂದೂ ಹೇಳಿದೆ. ಅವರ ಮುಖ ಬಿಗಿಯಿತು. ಕಾರಿನಲ್ಲಿ ವಾಪಸು ಬಂದೆವು. ಕಾಲೇಜಿನ ಗೇಟಿನಲ್ಲಿ ಇಳಿಯುವಾಗ, “ಮುಂದಕ್ಕೆ ಹಾಕ್ತೀನಿ. ಆದರೆ ಮಂಡಿಯಲ್ಲಿ ಆಗದಿದ್ದರೆ ಆಗಲಿಲ್ಲ ಅಂತ ಅವರೆದುರು ಹೇಳಬೇಕಾದೋಳು ನೀನೇ,” ಎಂದರು. ಒಪ್ಪಿಕೊಂಡೆ.

ಎರಡನೆಯ ಡಬ್ಬಿಯನ್ನು ಮಂಡಿಯ ಕೆಳಗೆ, ಕಾಲಿನ ಮುಂದಿನ ಮೂಳೆಗೆ ಆನಿಸಿ ಕಟ್ಟಿದೆವು. ಕಾಲು ನೆಟ್ಟಗಿದ್ದರೆ ಬೂಟಿನ ಡಬ್ಬಿಯ ಮಾತು ಕೇಳಬೇಕು, ಕಾಲು ಮಲಗಿದ್ದರೆ ಮಂಡಿಯದು. ಕಾಗದದ ಮೇಲೆ ಸುಲಭ. ಆದರೆ ಸಿಮೆಂಟಿನ ಮೇಲೆ ಮಂಡಿ ಬಡಿಯುವ ಏಟಿಗೆ ಸೆನ್ಸರ್‌ನ ಅಳತೆ ತನ್ನ ತುದಿ ಮುಟ್ಟಿ ನಿಂತುಬಿಡುತ್ತಿತ್ತು. ಏಟು ತಾಳುವ ಬೇರೆ ಸೆನ್ಸರ್ ತರಿಸಿದೆವು. ಹೊಸ ಸೆನ್ಸರ್ ಎಂದರೆ ಮತ್ತೆ ಗ್ರಾನೈಟ್ ಹಾಸು, ಮತ್ತೆ ಒಂಟಿಕೊಪ್ಪಲ್, ಮತ್ತೆ ಅವನ್. ಆಮೇಲೆ ಪಟ್ಟಿ ಜಾರತೊಡಗಿತು. ಬೆವರಿಗೆ ಡಬ್ಬಿ ಒಂದು ಬೆರಳಗಲ ತಿರುಗಿದರೂ ದಿಕ್ಕು ಕೆಡುತ್ತಿತ್ತು. ದಪ್ಪ ಕ್ಯಾನ್ವಾಸಿನ ಮಂಡಿಕವಚ ಹೊಲಿಸಿ, ಅದರೊಳಗೇ ಜೇಬು ಮಾಡಿಸಿ ಡಬ್ಬಿ ಕೂರಿಸಿದೆವು. ಅದನ್ನು ತೊಟ್ಟವನ ಕಾಲು ಹೇಗಿದೆ, ಡಬ್ಬಿ ಯಾವ ಓರೆಯಲ್ಲಿ ಕೂತಿದೆ ಎಂದು ತಿಳಿಯಲು ಒಳಗೆ ಹೋಗುವ ಮೊದಲು ಅವನು ಒಂದು ಗಳಿಗೆ ನೆಟ್ಟಗೆ ನಿಲ್ಲಬೇಕು, ಮಂಡಿಯೂರಬೇಕು, ಮತ್ತೆ ಏಳಬೇಕು. ಫೈರ್‌ಮನ್‌ಗಳು ಇದಕ್ಕೆ ‘ಮೇಡಂ ಪೂಜೆ’ ಎಂದು ಹೆಸರಿಟ್ಟರು.

ಡ್ಯೂಟಿ ಇಲ್ಲದ ದಿನ ಇಬ್ಬರು ಮೂವರು ಕಾಲೇಜಿಗೇ ಬಂದು ಕಾರಿಡಾರಿನಲ್ಲಿ ಅಂಬೆಗಾಲಿಕ್ಕುತ್ತಿದ್ದರು. ಕ್ಲಾಸು ಬಿಟ್ಟ ವಿದ್ಯಾರ್ಥಿಗಳು ನಗುತ್ತ ದಾರಿ ಬಿಡುತ್ತಿದ್ದರು. ಲೀಡಿಂಗ್ ಫೈರ್‌ಮನ್ ಪರದೆಯ ಮುಂದೆ ಕೂತು ಗೆರೆ ಓದುವುದನ್ನು ಕಲಿತರು. ಗೆರೆ ಹೇಗೆ ಹುಟ್ಟುತ್ತದೆ ಎಂಬುದರಲ್ಲಿ ಅವರಿಗೆ ಆಸಕ್ತಿಯಿರಲಿಲ್ಲ. ಒಂದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರು: “ಎಷ್ಟು ತಪ್ತದೆ? ಯಾವ್ ಕಡೀಕೆ ತಪ್ತದೆ?” ಅವರ ಕಾಟಕ್ಕೇ ನಾನು ಪ್ರತಿ ತಾಲೀಮಿನ ತಪ್ಪನ್ನೂ ಅಳೆದು ಇಟ್ಟುಕೊಳ್ಳುತ್ತಿದ್ದೆ. ಮಂಡಿಯಲ್ಲಿ ಹೋದಾಗ ದೂರ ತಪ್ಪುತ್ತಿತ್ತು, ದಿಕ್ಕು ಅಷ್ಟಾಗಿ ತಪ್ಪುತ್ತಿರಲಿಲ್ಲ.

ಪ್ರದರ್ಶನ ಆಯಿತು. ಅದರಿಂದ ಮುಂದೆ ಏನಾಯಿತೆಂದು ಈಗಲೇ ಹೇಳಿಬಿಡುತ್ತೇನೆ. ಇಲಾಖೆ ಅದನ್ನು ಊರೂರಿಗೆ ಹಂಚಲಿಲ್ಲ. ಕೆಲವು ಜೊತೆ ಬೂಟು, ಮಂಡಿಕವಚಗಳು ಆ ಠಾಣೆಯಲ್ಲಿ ತಾಲೀಮಿಗೆ ಉಳಿದವು. ನಾನು ವರದಿಯಲ್ಲಿ, ದೊಡ್ಡ ಕಟ್ಟಡದಲ್ಲಿ ಬಹಳ ಹೊತ್ತು ಓಡಾಡಿದರೆ ಇದನ್ನು ನಂಬುವಂತಿಲ್ಲ ಎಂದೇ ಬರೆದೆ. ಪ್ರೊಫೆಸರ್ ಆ ಸಾಲನ್ನು ತಿದ್ದದೆ ಸಹಿ ಹಾಕಿದರು. ಇಷ್ಟೇ ಅದರ ಕಥೆ. ಆದರೆ ಪ್ರದರ್ಶನದ ದಿನ ಬೆಳಿಗ್ಗೆ ಆದದ್ದನ್ನು ಹೇಳಲೇಬೇಕು.

ಅಧಿಕಾರಿಗಳು ಶಾಮಿಯಾನದ ಕೆಳಗೆ ಕೂತಿದ್ದರು. ಹೊಗೆಯನ್ನು ಒಂದಿಷ್ಟೂ ಕಡಿಮೆ ಮಾಡಿರಲಿಲ್ಲ. ಮೊದಲ ತಾಲೀಮಿಗೆ ಹೋಗಿದ್ದ ಫೈರ್‌ಮನ್ನೇ ಅಂದೂ ನೀರಿನ ಪೈಪು ಹಿಡಿದುಕೊಂಡು ಒಳಗೆ ಹೋದರು. ಹಿಂಬದಿಯಲ್ಲಿಟ್ಟಿದ್ದ ಮರಳುಮೂಟೆಯ ಗೊಂಬೆಯನ್ನು ಗಾಯಾಳುವಿನಂತೆ ಎಳೆದು ತರಬೇಕು. ಲೀಡಿಂಗ್ ಫೈರ್‌ಮನ್ ವಾಕಿಟಾಕಿ ಹಿಡಿದು ಪರದೆಯ ಮುಂದೆ, ನಾನು ಪಕ್ಕದಲ್ಲಿ. ಗೆರೆ ಗೋಡೆಗುಂಟ ಚೆನ್ನಾಗಿ ಸಾಗಿತು. ಆಗ ಒಳಗೆ ಧಡ್ಡನೆ ಸದ್ದಾಯಿತು. ಮೂಟೆಗಳ ಅಟ್ಟಿ ಕುಸಿದಿತ್ತು.

ವಾಕಿಟಾಕಿ ಗರಗರ ಎಂದಿತು. “ಅಣ್ಣಾ, ದಾರಿ ಮುಚ್ಚೋಯ್ತು. ಪೈಪು ಮೂಟೆ ಕೆಳಗೆ ಸಿಕ್ಕೊಂಡದೆ, ಕೈಗೆ ಸಿಗ್ತಿಲ್ಲ.”

“ಪೆಟ್ಟಾಯ್ತಾ?”

“ಇಲ್ಲ. ಆಚೆ ಬತ್ತಾ ಇವ್ನಿ.”

ಪರದೆಯಲ್ಲಿ ಗೆರೆ ಒಳಗೆ ಹೋಗುತ್ತಿತ್ತು. ಆ ಹೊತ್ತಿಗೆ ಸಿಲಿಂಡರಿನಲ್ಲಿ ಗಾಳಿ ಕಡಿಮೆಯಾದಾಗ ಊದುವ ಸೀಟಿ ವಾಕಿಟಾಕಿಯಲ್ಲಿ ಕೇಳತೊಡಗಿತು. ಠಾಣಾಧಿಕಾರಿ ಇಬ್ಬರನ್ನು ಮುಂಬಾಗಿಲಿಗೆ ಓಡಿಸಿದರು. ಅವರು ಮೂಟೆಗಳನ್ನು ಸರಿಸಿ ಒಳಹೋಗಲು ಹೊತ್ತು ಹಿಡಿಯುತ್ತದೆ.

ಲೀಡಿಂಗ್ ಫೈರ್‌ಮನ್ ನನ್ನ ಕಡೆ ತಿರುಗಿದರು.

“ಇದ್ನ ನಂಬ್ಬೋದಾ ಮೇಡಂ?”

ಹೌದು ಎಂದರೂ ತಪ್ಪು, ಇಲ್ಲ ಎಂದರೂ ತಪ್ಪು. “ದಿಕ್ಕು ನಂಬಿ,” ಎಂದೆ. “ದೂರ ಒಂದೆರಡು ಮಾರು ಹೆಚ್ಚುಕಮ್ಮಿ ಇರುತ್ತೆ. ಈಗ ಅವರು ಹಿಂದಿನ ಗೋಡೆ ಕಡೆಗೇ ಹೋಗ್ತಿದಾರೆ.”

“ಗೋಡೆ ಸಿಕ್ಕುದ್ರೆ ಸಾಕು.” ಅವರು ಠಾಣಾಧಿಕಾರಿಯತ್ತ ಕೂಗಿದರು: “ಸಾ, ಹಿಂದ್ಗಡೆ ಷಟರ್ ಎತ್ತುಸ್ಬುಡಿ! ಅಲ್ಲಿಗ್ ಬತ್ತಾನೆ!” ನಾಲ್ಕು ಜನ ಹಾರೆ ಹಿಡಿದು ಕಟ್ಟಡದ ಹಿಂದಕ್ಕೆ ಓಡಿದರು.

ಆಮೇಲೆ ಅವರು ವಾಕಿಟಾಕಿಯನ್ನು ಬಾಯಿಗೆ ಹಿಡಿದು, ಮಲಗುವ ಮಗುವಿಗೆ ಹೇಳುವಷ್ಟು ಮೆತ್ತಗೆ ಮಾತಾಡತೊಡಗಿದರು. ಒಂದು ಸಲವೂ ಕೆಮ್ಮಲಿಲ್ಲ.

“ನಿಂತ್ಕೊ. ಆಚ್ಗೆ ಬತ್ತಿಲ್ಲ ನೀನು, ಒಳಕ್ಕೋಯ್ತಿದ್ದೀಯ. ಪರವಾಗಿಲ್ಲ, ಅಂಗೇ ಬಾ. ಎದುರ್ಗೇ ಗೋಡೆ ಅದೆ. ಸಿಕ್ತಾ?”

“ಇಲ್ಲ ಅಣ್ಣ.”

“ಸಿಗ್ತದೆ. ಇನ್ನೊಂಚೂರು.”

ಸೀಟಿ. ಉಸಿರು. ಪರದೆಯ ಲೆಕ್ಕದಲ್ಲಿ ಅವರು ಆಗಲೇ ಗೋಡೆ ದಾಟಿ ಹೊರಗಿದ್ದರು.

“ಸಿಕ್ತು!”

“ಬಲಗೈ ಗೋಡೆ ಮ್ಯಾಲೆ ಇಕ್ಕು. ಎಡಕ್ಕೆ ಬಾ, ಷಟರ್ ಅಲ್ಲೇ ಅದೆ. ಕೈ ಎತ್ಬೇಡ. ಬೆಳಕು ಕಂಡ್ರೂ ಎದ್ದೇಳ್ಬೇಡ, ಮಂಡಿ ಮೇಲೇ ಬಾ.”

ಕಟ್ಟಡದ ಹಿಂದೆ ಷಟರ್ ಕಿರುಗುಟ್ಟಿ ಮೇಲೇರಿದ ಸದ್ದು, ಅದರ ಹಿಂದೆಯೇ ಜನರ ಕೂಗು ಕೇಳಿಸಿತು. ನಾವೆಲ್ಲ ಅತ್ತ ಓಡಿದೆವು. ಪ್ರೊಫೆಸರ್ ಕೂಡ, ಒಂದು ಚಪ್ಪಲಿ ಬಿಟ್ಟು. ಹೊಗೆಯ ಜೊತೆಗೆ ಫೈರ್‌ಮನ್ ಹೊರಗೆ ತೆವಳಿ ಬಂದರು. ಸಂಗಡಿಗರು ಮಾಸ್ಕ್ ಕಳಚಿ, ಗೋಡೆಗೆ ಒರಗಿಸಿ ಕೂರಿಸಿದರು.

ಲೀಡಿಂಗ್ ಫೈರ್‌ಮನ್ ಎಲ್ಲರಿಗಿಂತ ಕೊನೆಗೆ, ಏದುಸಿರು ಬಿಡುತ್ತ ಬಂದು ಮುಟ್ಟಿದರು. ವಾಕಿಟಾಕಿ ಇನ್ನೂ ಕೈಯಲ್ಲೇ ಇತ್ತು. ಒರಗಿ ಕೂತಿದ್ದ ಫೈರ್‌ಮನ್ ಕೆಂಪಾದ ಕಣ್ಣೆತ್ತಿ, ಅವರ ಹಿಂದೆ ತೆರೆದಿದ್ದ ಷಟರನ್ನೂ ಅವರ ಶುಭ್ರವಾದ ಯೂನಿಫಾರ್ಮನ್ನೂ ಒಂದಾದ ಮೇಲೊಂದರಂತೆ ನೋಡಿದರು.

“ಅಣ್ಣಾ, ನೀವ್ಯಾವಾಗ ಒಳಕ್ಕೆ ಬಂದ್ರಿ? ಪಕ್ಕದಲ್ಲೇ ಇದ್ರಲ್ಲ.”

ಲೀಡಿಂಗ್ ಫೈರ್‌ಮನ್ ನಿಧಾನವಾಗಿ ಎದುರಿಗೆ ಮಂಡಿಯೂರಿ ಕೂತು, ಅವರ ಬೂಟಿನ ಲಾಡಿ ಬಿಚ್ಚತೊಡಗಿದರು.

“ನಾನೆಲ್ಲಿ ಬಂದೆ? ನೀನೇ ಆಚ್ಗೆ ಬಂದೆ ಕಣ್ಲಾ.”